ಬೆಳಕಿನ ಕಲಾವಿದ ತಾಪಸ ಸೇನರು

ನಾಟಕ ಮುಗಿದು ತೆರೆ ಬಿದ್ದ ಮೇಲೆ ಪ್ರೇಕ್ಷಕರು ಮನೆಗೆ ಮರಳುತ್ತ ಆಡಿಕೊಳ್ಳುವ ಮಾತುಗಳನ್ನು ಕಿವಿಗೊಟ್ಟು ಕೇಳಬೇಕು. ಭೀಮನ ಪಾತ್ರ ಚೆನ್ನಾಗಿತ್ತೆಂದು ಒಬ್ಬರೆಂದರೆ ದ್ರೌಪದಿಯ ಹಾಡು ಇನ್ನೂ ಚೆನ್ನಾಗಿತ್ತೆಂದು ಮತ್ತೊಬ್ಬರು ಹೇಳುತ್ತಾರೆ. ಹಾರ್ಮೋನಿಯಂ ಬಾರಿಸಿದವನಿಗೂ ತಬಲ ನುಡಿಸಿದವನಿಗೂ ಒಂದೆರಡು ಒಳ್ಳೆಯ ಮಾತು ಸಲ್ಲುತ್ತವೆ. ಆದರೆ ಇವರನ್ನೆಲ್ಲ ನಾವು ಕಂಡದ್ದು ಯಾವುದರ ದೆಸೆಯಿಂದ ಎಂಬ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಬೆಳಕಿಲ್ಲದೆ ಭೀಮನೂ ಇಲ್ಲ, ದ್ರೌಪದಿಯೂ ಇಲ್ಲ. ಕಣ್ಣಿಗೆ ಎಲ್ಲವನ್ನೂ ಕಾಣಿಸುವ ವಸ್ತುವೇ ತಾನು ಕಾಣದೆ ಹೋಗುವುದು ವಿಚಿತ್ರವಾದರೂ ನಿಜ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಅಜ್ಜ ಅಫಜಲಪುರ ತಾಲ್ಲೂಕಿನ ಭೀಮಾ ತೀರದ ಒಂದು ಹಳ್ಳಿಯವನು. ಅವನು ಹುಡುಗನಾಗಿದ್ದಾಗ ಊರಲ್ಲಿ ದೊಡ್ಡಾಟವಾದರೆ ಹಿಲಾಲು ಹಿಡಿಯುವ ಕೆಲಸ ಅವನ ಪಾಲಿಗೆ ಬರುತ್ತಿತ್ತು. ಎಣ್ಣೆಯಲ್ಲಿ ನೆನೆದ ಅರಿವೆಯ ಹಿಲಾಲನ್ನು ಕೈಯಲ್ಲಿ ಹಿಡಿದು ಬೆಳಗಿನ ತನಕ ರಂಗದ ಅಂಚಿನಲ್ಲಿ ನಿಲ್ಲಬೇಕು. ಪಾತ್ರ ಎಡಕ್ಕೆ ಸರಿದರೆ ತಾನೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ರಾಕ್ಷಸನ ಪ್ರವೇಶವಾಗುವಾಗ ಒಂದು ಹಿಡಿ ರಾಳದ ಪುಡಿಯನ್ನು ಉರಿಯ ಮೇಲೆ ಎರಚಿದರೆ ಭಗ್ಗನೆ ಜ್ವಾಲೆ ಎದ್ದು, ಮುಂದಿನ ಸಾಲಿನ ಮಕ್ಕಳು ತಾಯಂದಿರ ಮಡಿಲಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ. ಮುಂದೆ ಗ್ಯಾಸ್‌ಬತ್ತಿ ಬಂದಾಗ ಗಾಳಿ ಹಾಕುವ ಕೆಲಸವೂ ಅವನದೇ ಆಯಿತು. ಆಟ ಮುಗಿದ ಮೇಲೆ ಪಾತ್ರಧಾರಿಗಳಿಗೆ ಆಯೇರಿ ಸಲ್ಲುತ್ತಿತ್ತು, ಟವೆಲು ಹೊದಿಸುತ್ತಿದ್ದರು. ಹಿಲಾಲು ಹಿಡಿದ ಹುಡುಗನಿಗೆ ಅಂಗೈಯ ಬೊಬ್ಬೆಗಳಷ್ಟೇ ಉಳಿಯುತ್ತಿದ್ದುವು. ಇದನ್ನು ಅವನು ದೂರಾಗಿ ಹೇಳುವುದಿಲ್ಲ; ಮಳೆ ಬಂತು, ಬೆಳೆ ಬಂತು ಎನ್ನುವ ಹಾಗೆ ಹೇಳುತ್ತಾನೆ.

ಅಜ್ಜನ ವಿದ್ಯೆ ಮೊಮ್ಮಗನಿಗೆ ಇಳಿಯಲಿಲ್ಲವೆಂಬುದು ಹೋದ ವರ್ಷದ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಎಲ್ಲರಿಗೂ ತಿಳಿಯಿತು. ನಾಟಕಕ್ಕೆ ದೀಪದ ವ್ಯವಸ್ಥೆಯನ್ನು ನಾನಾಗಿಯೇ ಕೇಳಿ ಪಡೆದಿದ್ದೆ. ಹೆಚ್ಚು ಬೆಳಕಾದಷ್ಟೂ ನಾಟಕ ಚೆನ್ನಾಗಿ ಕಾಣುವುದೆಂದು ಬಗೆದು, ಸಿಕ್ಕಿದಷ್ಟು ದೀಪಗಳನ್ನೆಲ್ಲ ರಂಗದ ಎದುರಿಗೆ ಸಾಲಾಗಿ ಕಟ್ಟಿ ಒಮ್ಮೆಗೇ ಹೊತ್ತಿಸಿದೆ. ಪಾತ್ರಧಾರಿಗಳ ಮುಖಗಳು ಹಪ್ಪಳದಂತೆ ಚಪ್ಪಟೆಯಾಗಿ ಕಂಡುವು. ಹಿಂದಿನ ಪರದೆಯ ಮೇಲೆ ಒಬ್ಬೊಬ್ಬನಿಗೂ ನಾಲ್ಕು ನಾಲ್ಕು ನೆರಳು ಬಿದ್ದು, ವನವಾಸಕ್ಕೆ ಹೊರಟ ಐವರು ಪಾಂಡವರು ಇಪ್ಪತ್ತು ಮಂದಿಯಾದರು. ಮೂರನೆಯ ದೃಶ್ಯದಲ್ಲಿ ಫ್ಯೂಸ್ ಹೋಯಿತು. ಕತ್ತಲೆಯಲ್ಲಿ ಸಭಿಕರು ಹಾಕಿದ ಸಿಳ್ಳೆ ಇಂದಿಗೂ ನನ್ನ ಕಿವಿಯಲ್ಲಿದೆ. ಮರುದಿನ ನಮ್ಮ ಅಧ್ಯಾಪಕರೊಬ್ಬರು ನನ್ನನ್ನು ಕರೆದು ಬೈಯುವ ಬದಲು, ತಾಪಸ ಸೇನ್ ಎಂಬವರ ಹೆಸರು ಕೇಳಿರುವೆಯಾ ಎಂದು ವಿಚಾರಿಸಿದರು. ಕೇಳಿರಲಿಲ್ಲ. ಆ ಮಹನೀಯರು ತೀರಿಕೊಂಡಾಗ ನಮ್ಮ ತರಗತಿಯ ಬಹುಮಂದಿ ಇನ್ನೂ ಹುಟ್ಟಿರಲಿಲ್ಲ. ಅಂದಿನಿಂದ ಅವರ ವಿಷಯವಾಗಿ ಓದಿ ತಿಳಿದುದನ್ನು ಸಹಪಾಠಿ ಮಿತ್ರರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ತಾಪಸ ಸೇನರ ಹೆಚ್ಚುಗಾರಿಕೆ ತಿಳಿಯಬೇಕಾದರೆ ರಂಗಕ್ಕೆ ಬೆಳಕು ಬಂದ ಬಗೆಯನ್ನು ಒಂದಿಷ್ಟು ಅರಿತಿರಬೇಕು. ಗ್ರೀಕರ ಕಾಲದಲ್ಲೂ ನಮ್ಮ ಬಯಲಾಟದಲ್ಲೂ ಸೂರ್ಯ, ಚಂದ್ರ, ದೀವಟಿಗೆ ಇವೇ ದೀಪಗಳು. ಯುರೋಪಿನಲ್ಲಿ ನಾಟಕ ಮನೆಯೊಳಗೆ ಹೊಕ್ಕಾಗ ಮೇಣದ ಬತ್ತಿಗಳು ಬಂದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಳವೆಯ ಗ್ಯಾಸಿನ ದೀಪ ಬಂದಿತು. ಸುಣ್ಣದ ಗಟ್ಟಿಯನ್ನು ಕಾಯಿಸಿ ಅದರಿಂದ ಕಣ್ಣು ಕೋರೈಸುವ ಬಿಳಿ ಬೆಳಕನ್ನು ಪಡೆದು ಒಬ್ಬ ನಟನ ಮೇಲೆ ಬೀರುವ ಉಪಾಯವೂ ಆಗಲೇ ತಿಳಿಯಿತು. 1881ರಲ್ಲಿ ಲಂಡನ್ನಿನ ಸವಾಯ್ ನಾಟಕಶಾಲೆ ಸಂಪೂರ್ಣವಾಗಿ ವಿದ್ಯುದ್ದೀಪದಿಂದ ಬೆಳಗಿತು. ನಮ್ಮ ದೇಶದ ಕಲ್ಕತ್ತೆಯಲ್ಲಿ 1899ರಲ್ಲಿ ವಿದ್ಯುತ್ ಸರಬರಾಜು ಪ್ರಾರಂಭವಾಯಿತು. ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆಯಾಗಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಆಗ ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಭಾಗದ ಹಳ್ಳಿಗಳಿಗೆ ಆ ಬೆಳಕು ಬರಲು ಎಷ್ಟೋ ದಶಕಗಳು ಹಿಡಿದುವು.

ವಿದ್ಯುತ್ತು ಬಂದೊಡನೆ ಕಲೆ ಬಂದಂತಾಗಲಿಲ್ಲ. ಎಲ್ಲ ಕಡೆಯೂ ಒಂದೇ ಸಮನೆ ಬೆಳಕು ಚೆಲ್ಲಿ, ಪರದೆಯ ಮೇಲೆ ಬರೆದ ಅರಮನೆ, ಕಾಡು, ಬೀದಿಗಳನ್ನು ತೋರಿಸುವುದೇ ನಾಟಕದ ದೀಪಗಳ ಕೆಲಸವಾಗಿತ್ತು. ಈ ರೀತಿಯನ್ನು ಮೊದಲು ಎದುರಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಅಡಾಲ್ಫ್ ಆಪಿಯಾ ಮುಖ್ಯನು. ಜಿನೀವಾದಲ್ಲಿ 1862ರಲ್ಲಿ ಹುಟ್ಟಿದ ಈತನಿಗೆ ಮಾತು ತೊದಲುತ್ತಿತ್ತು, ಸ್ವಭಾವ ಏಕಾಂತಪ್ರಿಯವಾದುದು. ನಟನ ದೇಹಕ್ಕೆ ಉದ್ದ, ಅಗಲ, ದಪ್ಪ ಮೂರೂ ಇರುವಾಗ ಅವನ ಹಿಂದೆ ಚಪ್ಪಟೆಯಾದ ಚಿತ್ರವನ್ನು ತೂಗುಹಾಕುವುದು ಅಸಂಗತವೆಂದೂ, ಸಂಗೀತದಂತೆ ಏರಿಳಿಯುವ ಬೆಳಕೇ ಆ ದೇಹವನ್ನು ಕಡೆದು ನಿಲ್ಲಿಸಬೇಕೆಂದೂ ಅವನು 1899ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಾದಿಸಿದನು. ಆಗ ಅವನು ಬಯಸಿದಂಥ ದೀಪಗಳು ಯಾವ ನಾಟಕಶಾಲೆಯಲ್ಲೂ ಇರಲಿಲ್ಲ. 1923ರಲ್ಲಿ ಇಟಲಿಯ ಮಿಲಾನಿನಲ್ಲಿ ಅವನ ಕಲ್ಪನೆಯಂತೆ ಒಂದು ಸಂಗೀತ ನಾಟಕ ನಡೆದಾಗ ಅವನಿಗೆ ಅರವತ್ತು ದಾಟಿತ್ತು. 1928ರಲ್ಲಿ ಅವನು ತೀರಿಕೊಂಡನು. ಅವನ ವಿಚಾರ ಮಾತ್ರ ಪ್ರಪಂಚದ ರಂಗಭೂಮಿಗಳಲ್ಲೆಲ್ಲ ಬೇರೂರಿತು.

ಆಪಿಯಾನ ಆ ನಾಟಕ ನಡೆದ ಮರುವರ್ಷ, 1924ನೆಯ ಸೆಪ್ಟೆಂಬರ್ 11ರಂದು, ಅಸ್ಸಾಮಿನ ಬ್ರಹ್ಮಪುತ್ರಾ ತೀರದ ಧುಬ್ರಿ ಎಂಬ ಊರಿನಲ್ಲಿ ತಾಪಸ ಸೇನರು ಬಂಗಾಳಿ ಮನೆತನವೊಂದರಲ್ಲಿ ಜನಿಸಿದರು. ಎಳವೆಯಲ್ಲಿಯೇ ಮನೆಯವರೊಡನೆ ದಿಲ್ಲಿಗೆ ಬಂದುದರಿಂದ ಅವರ ವಿದ್ಯಾಭ್ಯಾಸ ಅಲ್ಲಿಯ ರೈಸಿನಾ ಬಂಗಾಳಿ ಶಾಲೆಯಲ್ಲಿ ನಡೆಯಿತು. ಹೊಸದಿಲ್ಲಿ ಆಗ ತಾನೇ ಕಟ್ಟಲ್ಪಡುತ್ತಿದ್ದ ನಗರ. ಶಾಲೆಯ ನಾಟಕಗಳಲ್ಲಿ ಮಿಕ್ಕ ಹುಡುಗರು ಬಣ್ಣ ಹಚ್ಚಿಕೊಳ್ಳಲು ಹಾತೊರೆಯುತ್ತಿದ್ದರೆ ಈ ಹುಡುಗನ ಗಮನವೆಲ್ಲ ದೀಪದ ಕಡೆಗೆ ಹರಿಯಿತು. ಬೆಳಕಿನ ಗೀಳು ಅವರನ್ನು ಹಿಡಿದದ್ದು ಆ ವಯಸ್ಸಿನಲ್ಲಿ. ಅದು ಕೊನೆಯವರೆಗೂ ಬಿಡಲಿಲ್ಲ.

ನಮ್ಮ ದೇಶದಲ್ಲಿ ಆಗ ರಂಗದ ಬೆಳಕನ್ನು ಕಲಿಸುವ ಶಾಲೆಯಿರಲಿಲ್ಲ. ಅದನ್ನು ಒಂದು ಉದ್ಯೋಗವೆಂದು ಎಣಿಸುವವರೂ ಇರಲಿಲ್ಲ. ವೈರ್‌ಮನ್ ಎಂದರೆ ಎಲ್ಲರಿಗೂ ಗೊತ್ತಿತ್ತು. ಬೆಳಕಿನ ಕಲಾವಿದ ಎಂದರೆ ನಗುತ್ತಿದ್ದರು. ಬೆಳಕಿನ ಸಮೀಪಕ್ಕೆ ಹೋಗಲು ಇದ್ದ ಇನ್ನೊಂದು ದಾರಿಯೆಂದರೆ ಸಿನಿಮಾ. ಛಾಯಾಗ್ರಹಣ ಕಲಿಯಬೇಕೆಂಬ ಆಸೆಯಿಂದ ತಾಪಸ ಸೇನರು ಮುಂಬಯಿಗೆ ಹೋದರು. ಅಲ್ಲಿಂದ ನಲ್ವತ್ತರ ದಶಕದ ಕೊನೆಯ ವರ್ಷಗಳಲ್ಲಿ ಕಲ್ಕತ್ತೆಗೆ ಬಂದರು.

ಆ ಕಲ್ಕತ್ತೆಯನ್ನು ನಾವು ಊಹಿಸಿಕೊಳ್ಳಬೇಕು. 1943ರ ಬರಗಾಲದಲ್ಲಿ ಬಂಗಾಳದ ಲಕ್ಷಾಂತರ ಮಂದಿ ಅನ್ನವಿಲ್ಲದೆ ಸತ್ತಿದ್ದರು. 1946ರಲ್ಲಿ ಭೀಕರ ದಂಗೆಗಳಾಗಿದ್ದುವು. 1947ರಲ್ಲಿ ದೇಶ ಒಡೆದು ನಿರಾಶ್ರಿತರು ರೈಲ್ವೆ ನಿಲ್ದಾಣಗಳಲ್ಲಿ ಬೀಡುಬಿಟ್ಟಿದ್ದರು. ಹಸಿದ ಆ ನಗರದಲ್ಲಿ ಕಲೆಯ ಹುಚ್ಚು ಹಿಡಿದ ತರುಣರ ಗುಂಪೊಂದು ಸೇರಿತು. ಪ್ಯಾರಡೈಸ್ ಕೆಫೆ ಎಂಬ ಚಿಕ್ಕ ಚಹಾದಂಗಡಿಯಲ್ಲಿ ಕುಳಿತು ಗಂಟೆಗಟ್ಟಲೆ ವಾದಿಸುತ್ತಿದ್ದ ಆ ತರುಣರಲ್ಲಿ ಋತ್ವಿಕ್ ಘಟಕ್, ಮೃಣಾಲ್ ಸೇನ್, ಹೃಷೀಕೇಶ ಮುಖರ್ಜಿ, ಸಲಿಲ್ ಚೌಧುರಿ ಇದ್ದರು. ಇವರೆಲ್ಲ ಮುಂದೆ ಸಿನಿಮಾದಲ್ಲಿಯೂ ಸಂಗೀತದಲ್ಲಿಯೂ ದೇಶವಿಖ್ಯಾತರಾದರೆಂಬುದನ್ನು ಹೇಳಬೇಕಾಗಿಲ್ಲ. ಆ ಮೇಜಿನ ಸುತ್ತ ಕುಳಿತವರಲ್ಲಿ ತಾಪಸ ಸೇನರೂ ಒಬ್ಬರು. ಗೆಳೆಯರು ಸಿನಿಮಾದ ದಾರಿ ಹಿಡಿದರು; ಇವರು ನಾಟಕದ ಕತ್ತಲೆಯೊಳಕ್ಕೆ ನಡೆದರು.

ಶಂಭು ಮಿತ್ರರು 1948ರಲ್ಲಿ ಬಹುರೂಪಿ ಎಂಬ ಹವ್ಯಾಸಿ ನಾಟಕ ಸಂಘವನ್ನು ಕಟ್ಟಿದರು. ಪರದೆಗಳ ಆಡಂಬರವನ್ನು ಬಿಟ್ಟು ಮಾತು, ದೇಹ, ಬೆಳಕುಗಳಿಂದಲೇ ನಾಟಕವನ್ನು ಮೇಲೆತ್ತಬೇಕೆಂಬುದು ಅವರ ಹಂಬಲ. 1954ರಲ್ಲಿ ಅವರು ರವೀಂದ್ರನಾಥ ಠಾಕೂರರ ರಕ್ತಕರಬಿ ನಾಟಕವನ್ನು ರಂಗಕ್ಕೆ ತಂದರು. ನೆಲದಡಿಯಿಂದ ಚಿನ್ನವನ್ನು ಅಗೆಸುವ ಯಕ್ಷಪುರಿ. ಬಲೆಯ ಹಿಂದೆ ಅಡಗಿ ಕುಳಿತು ಯಾರಿಗೂ ಮುಖ ತೋರದ ರಾಜ. ಆ ಊರಿಗೆ ಬಯಲಿನ ಬಿಸಿಲನ್ನು ಹೊತ್ತು ತಂದಂತಿರುವ ನಂದಿನಿ. ಓದಲು ಸೊಗಸಾದ ಈ ನಾಟಕವನ್ನು ಆಡುವುದು ಸಾಧ್ಯವಿಲ್ಲವೆಂದೇ ಬಹುಮಂದಿ ನಂಬಿದ್ದರು. ಖಾಲೇದ್ ಚೌಧುರಿಯವರು ರಂಗಸಜ್ಜಿಕೆಯನ್ನೂ ತಾಪಸ ಸೇನರು ಬೆಳಕನ್ನೂ ವಹಿಸಿಕೊಂಡರು. ಕಾಣದ ರಾಜನನ್ನು ಕಾಣಿಸದೆಯೇ ಅವನಿದ್ದಾನೆಂದು ತೋರಿಸುವುದು, ಗಣಿಯ ಮಬ್ಬಿಗೂ ಸುಗ್ಗಿಯ ಬಿಸಿಲಿಗೂ ಇರುವ ಅಂತರವನ್ನು ಪರದೆಯ ಚಿತ್ರವಿಲ್ಲದೆ ಉಣ್ಣಿಸುವುದು ಬೆಳಕಿನ ಹೊಣೆಯಾಗಿತ್ತು. ಆ ಪ್ರಯೋಗ ಭಾರತೀಯ ರಂಗಭೂಮಿಯ ಚರಿತ್ರೆಯಲ್ಲಿ ಒಂದು ಮೈಲಿಗಲ್ಲಾಯಿತು.

ಅವರ ಕೈಯಲ್ಲಿದ್ದ ಸಲಕರಣೆಗಳೆಷ್ಟು? ಹವ್ಯಾಸಿ ಸಂಘಗಳಲ್ಲಿ ಹಣವಿರಲಿಲ್ಲ. ವಿದೇಶದ ದೀಪಗಳನ್ನು ತರಿಸುವ ಮಾತೇ ಇರಲಿಲ್ಲ. ಹಳೆಯ ಡಬ್ಬಿ, ತಗಡು, ಕನ್ನಡಿಯ ಚೂರು ಇಂಥವುಗಳಿಂದಲೇ ತಮಗೆ ಬೇಕಾದುದನ್ನು ಮಾಡಿಕೊಂಡರು. ಬೆಳಕನ್ನು ಮೆಲ್ಲಗೆ ಏರಿಸಿ ಇಳಿಸುವುದಕ್ಕೆ ಆ ಕಾಲದಲ್ಲಿ ಉಪ್ಪುನೀರಿನ ಜಾಡಿಯನ್ನು ಉಪಯೋಗಿಸುವ ರೂಢಿಯಿತ್ತು. ಉಪ್ಪುನೀರಿನಲ್ಲಿ ಎರಡು ಲೋಹದ ತಗಡುಗಳನ್ನಿಟ್ಟು, ಒಂದನ್ನು ಇನ್ನೊಂದರ ಹತ್ತಿರ ತಂದರೆ ವಿದ್ಯುತ್ತು ಹೆಚ್ಚು ಹರಿದು ದೀಪ ಬೆಳಗುವುದು, ದೂರ ಸರಿಸಿದರೆ ಕುಗ್ಗುವುದು. ಕೈ ತಪ್ಪಿದರೆ ಪ್ರಾಣಕ್ಕೇ ಅಪಾಯ. ಇಂದು ಬೆರಳ ತುದಿಯಿಂದ ಗುಂಡಿಯೊತ್ತಿ ನೂರು ಎಲ್.ಇ.ಡಿ. ದೀಪಗಳ ಬಣ್ಣ ಬದಲಿಸುವ ನಮಗೆ ಆ ಕಷ್ಟ ಕಥೆಯಂತೆ ತೋರುತ್ತದೆ.

ಬೆಳಕಿನ ವ್ಯಾಕರಣ ಮಾತ್ರ ಅಂದಿಗೂ ಇಂದಿಗೂ ಒಂದೇ. ಎದುರಿನಿಂದ ಬಿದ್ದ ಬೆಳಕು ನೆರಳನ್ನು ಅಳಿಸಿ ಮುಖವನ್ನು ಚಪ್ಪಟೆ ಮಾಡುತ್ತದೆ. ನನ್ನ ಪಾಂಡವರಿಗೆ ಆದದ್ದು ಇದೇ. ಪಕ್ಕದಿಂದ ಬಿದ್ದ ಬೆಳಕು ದೇಹವನ್ನು ಶಿಲ್ಪದಂತೆ ಎತ್ತಿ ತೋರಿಸುತ್ತದೆ. ಬೆನ್ನ ಹಿಂದಿನ ಬೆಳಕು ಪಾತ್ರವನ್ನು ಹಿನ್ನೆಲೆಯಿಂದ ಬಿಡಿಸಿ ಮುಂದಕ್ಕೆ ತರುತ್ತದೆ. ಕೆಳಗಿನಿಂದ ಬಂದರೆ ಎಂಥ ಸಾಧುವಿನ ಮುಖವೂ ಭಯಂಕರವಾಗುತ್ತದೆ. ದೀಪವನ್ನು ಎರಡರಷ್ಟು ದೂರ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಕೆಂಪು ಬೆಳಕೂ ಹಸಿರು ಬೆಳಕೂ ಕೂಡಿದರೆ ಕಣ್ಣಿಗೆ ಹಳದಿ ತೋರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಕಣ್ಣಿನ ಸ್ವಭಾವ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಒಂದು ಕಡ್ಡಿಯ ಬೆಳಕೂ ದೊಡ್ಡದು. ಝಗಝಗಿಸುವ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಹತ್ತು ದೀಪವೂ ಸಾಲದು. ಆದುದರಿಂದ ಬೆಳಕನ್ನು ಬಲ್ಲವನು ಮೊದಲು ಕತ್ತಲೆಯನ್ನು ಕಾಯ್ದುಕೊಳ್ಳುತ್ತಾನೆ. ಈ ಗುಟ್ಟನ್ನು ತಾಪಸ ಸೇನರಷ್ಟು ಚೆನ್ನಾಗಿ ಬಳಸಿದವರು ನಮ್ಮ ದೇಶದಲ್ಲಿ ವಿರಳ.

ಅವರ ಹೆಸರು ಮನೆಮಾತಾದದ್ದು 1959ರಲ್ಲಿ. ಆ ವರ್ಷ ಕಲ್ಕತ್ತೆಯ ವಿಶ್ವರೂಪಾ ನಾಟಕಶಾಲೆಯಲ್ಲಿ ಸೇತು ಎಂಬ ನಾಟಕ ಪ್ರಾರಂಭವಾಯಿತು. ತೃಪ್ತಿ ಮಿತ್ರರು ಅದರ ನಾಯಿಕೆ. ಬದುಕಿನಲ್ಲಿ ಬೇಸತ್ತ ಆ ಹೆಂಗಸು ರೈಲಿನ ಎದುರಿಗೆ ನಿಲ್ಲುವ ದೃಶ್ಯವೊಂದು ಅದರಲ್ಲಿತ್ತು. ರಂಗದ ಮೇಲೆ ರೈಲಿರಲಿಲ್ಲ, ಹಳಿಯಿರಲಿಲ್ಲ. ಬೆಳಕೂ ಶಬ್ದವೂ ಇದ್ದುವು ಅಷ್ಟೆ. ಆದರೂ ಸಭಾಗೃಹದಲ್ಲಿ ಕುಳಿತವರು ಉಸಿರು ಬಿಗಿಹಿಡಿದರು. ಅದೇ ವರ್ಷದ ಕೊನೆಯ ದಿನ ಉತ್ಪಲ ದತ್ತರ ತಂಡ ಮಿನರ್ವಾ ನಾಟಕಶಾಲೆಯಲ್ಲಿ ಅಂಗಾರ್ ನಾಟಕವನ್ನು ಆಡಿತು.

ಅಂಗಾರ್ ಎಂದರೆ ನಮ್ಮ ಕೆಂಡ, ಇದ್ದಿಲು ಎಂಬ ಅರ್ಥದ ಮಾತು. ಇದು ಕಲ್ಲಿದ್ದಲಿನ ಗಣಿ ಕೆಲಸಗಾರರ ಕಥೆ. ಗಣಿಯಲ್ಲಿ ಬೆಂಕಿ ಬೀಳುತ್ತದೆ. ಒಳಗೆ ಕೆಲವರು ಸಿಕ್ಕಿಕೊಂಡಿರುತ್ತಾರೆ. ಮಾಲೀಕರಿಗೆ ಮನುಷ್ಯರಿಗಿಂತ ಕಲ್ಲಿದ್ದಲು ಬೆಲೆಯುಳ್ಳದ್ದು. ಬೆಂಕಿ ಆರಿಸಲು ಗಣಿಗೆ ನೀರು ನುಗ್ಗಿಸುತ್ತಾರೆ. ಕೊನೆಯ ದೃಶ್ಯದಲ್ಲಿ ನೀರು ಏರುತ್ತದೆ. ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ, ಕತ್ತಿಗೆ ಬರುತ್ತದೆ. ಆಮೇಲೆ ಮನುಷ್ಯರು ಕಾಣುವುದಿಲ್ಲ. ಇಷ್ಟಕ್ಕೂ ರಂಗದ ಮೇಲೆ ಒಂದು ತೊಟ್ಟು ನೀರೂ ಇರಲಿಲ್ಲ. ಅಲೆಯಾಡುವ ಬೆಳಕು ಮೇಲೇರಿತು. ಅದಕ್ಕೆ ಸರಿಯಾಗಿ ನಟರ ದೇಹಗಳು ಹೋರಾಡಿದುವು. ಪಂಡಿತ ರವಿಶಂಕರರ ಸಂಗೀತ ಜೊತೆಗೂಡಿತು. ಬಂಗಾಳದ ಗಣಿಗಳಲ್ಲಿ ಇಂಥ ದುರಂತಗಳು ಆ ವರ್ಷಗಳಲ್ಲಿ ನಿಜವಾಗಿಯೂ ನಡೆದಿದ್ದುವು. 1958ರಲ್ಲಿ ಚಿನಾಕುಡಿಯ ಗಣಿಯಲ್ಲಿ ಸ್ಫೋಟವಾಗಿ ನೂರಾರು ಕೆಲಸಗಾರರನ್ನು ಬಲಿ ತೆಗೆದುಕೊಂಡಿತ್ತು. ವರ್ತಮಾನ ಪತ್ರಿಕೆಯಲ್ಲಿ ಸತ್ತವರ ಸಂಖ್ಯೆಯನ್ನು ಓದಿ ಮಡಚಿಟ್ಟಿದ್ದ ಜನ, ಮಿನರ್ವಾದ ಕುರ್ಚಿಗಳಲ್ಲಿ ಕುಳಿತು ಆ ಸಾವನ್ನು ಕಣ್ಣಾರೆ ಕಂಡರು.

ಇದನ್ನು ಓದುವಾಗ ನನಗೆ ನಮ್ಮ ನಾಡಿನ ಒಂದು ಮಹಾಪ್ರಯೋಗ ನೆನಪಿಗೆ ಬಂದಿತು. ಗುಬ್ಬಿ ವೀರಣ್ಣನವರು 1934ರಲ್ಲಿ ಕುರುಕ್ಷೇತ್ರ ನಾಟಕವನ್ನು ಆಡಿದಾಗ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರೆಂಬುದು ಪ್ರಸಿದ್ಧವಾಗಿದೆ. ಕನ್ನಡಿಗರು ಅದನ್ನು ಕಂಡು ಬೆರಗಾದರು, ಬೆರಗಾಗಬೇಕಾದುದೇ. ಇಪ್ಪತ್ತೈದು ವರ್ಷಗಳ ತರುವಾಯ ಕಲ್ಕತ್ತೆಯ ಒಬ್ಬ ಬಡ ಕಲಾವಿದ, ಇಲ್ಲದ ನೀರಿನಲ್ಲಿ ಮನುಷ್ಯರನ್ನು ಮುಳುಗಿಸಿದನು. ಒಂದು ದಾರಿ ಇರುವುದನ್ನು ತಂದು ನಿಲ್ಲಿಸುವುದು. ಇನ್ನೊಂದು ದಾರಿ ಇಲ್ಲದುದನ್ನು ನೋಡುವವನ ಮನಸ್ಸಿನಲ್ಲಿ ಹುಟ್ಟಿಸುವುದು. ಮೊದಲನೆಯದಕ್ಕೆ ಸಂಪತ್ತು ಬೇಕು, ಎರಡನೆಯದಕ್ಕೆ ಸಂಪತ್ತಿಲ್ಲದಿದ್ದರೂ ನಡೆಯುತ್ತದೆ. ನಮ್ಮಂಥ ಸರಕಾರಿ ಕಾಲೇಜಿನ ಹುಡುಗರಿಗೆ ಎರಡನೆಯದೇ ಹತ್ತಿರದ್ದು.

ಹೊಗಳಿಕೆಯ ಬೆನ್ನಿಗೇ ಆಕ್ಷೇಪವೂ ಬಂದಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಜನ ನಾಟಕ ನೋಡಲು ಹೋಗುತ್ತಿದ್ದಾರೆಯೋ, ರೈಲು ಮತ್ತು ಪ್ರವಾಹ ನೋಡಲು ಹೋಗುತ್ತಿದ್ದಾರೆಯೋ ಎಂದು ವಿಮರ್ಶಕರು ಕೇಳಿದರು. ಬೆಳಕಿನ ಚಮತ್ಕಾರ ನಾಟಕಕಾರನ ಮಾತನ್ನೂ ನಟನ ಅಭಿನಯವನ್ನೂ ನುಂಗಿಹಾಕಿದರೆ ಅದು ಕಲೆಯಾಗದೆ ಜಾದೂ ಆಗುತ್ತದೆಂಬುದು ಅವರ ವಾದ. ನಾನು ಈ ಪ್ರಶ್ನೆಯನ್ನು ಬಹಳ ದಿನ ಮನಸ್ಸಿನಲ್ಲಿ ಹೊರಳಾಡಿಸಿದೆ. ಆಕ್ಷೇಪದಲ್ಲಿ ಹುರುಳಿದೆ. ಬೆಳಕು ತನ್ನನ್ನೇ ನೋಡಿರೆಂದು ಕೂಗಿದರೆ ನಾಟಕ ಸಾಯುತ್ತದೆ. ಸೇತುವಿನ ರೈಲು ಕಥೆ ಮರೆತವರಿಗೂ ನೆನಪಿನಲ್ಲುಳಿಯಿತೆಂಬುದು ಅದರ ಗೆಲುವೂ ಹೌದು, ಸೋಲೂ ಹೌದು. ಅಂಗಾರಿನ ಮಾತು ಹಾಗಲ್ಲವೆಂದು ನನಗೆ ತೋರುತ್ತದೆ. ಅಲ್ಲಿ ನೀರು ಏರುವುದೇ ಕಥೆ. ಆ ನೀರನ್ನು ಯಾರು ಬಿಟ್ಟರೆಂಬುದೇ ನಾಟಕ ಕೇಳುವ ಪ್ರಶ್ನೆ. ಪ್ರೇಕ್ಷಕನಿಗೆ ನೀರು ಕಾಣದಿದ್ದರೆ ಆ ಪ್ರಶ್ನೆ ಮಾತಾಗಿಯೇ ಉಳಿದುಬಿಡುತ್ತಿತ್ತು. ರಕ್ತಕರಬಿಯಲ್ಲಿ ತಡೆದು ಹಿಡಿದ ಕೈಯೂ ಅಂಗಾರಿನಲ್ಲಿ ಪ್ರವಾಹ ಹರಿಸಿದ ಕೈಯೂ ಒಂದೇ ಎಂಬುದನ್ನು ವಿಮರ್ಶಕರು ಮರೆಯಬಾರದು. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಮಾತನಾಡಬೇಕು ಎಂಬ ವಿವೇಕ ನಟನಿಗೆ ಬೇಕಾದಂತೆ ಬೆಳಕಿಗೂ ಬೇಕು.

1965ರಲ್ಲಿ ಉತ್ಪಲ ದತ್ತರು ಕಲ್ಲೋಲ್ ನಾಟಕವನ್ನು ಆಡಿದರು. 1946ರಲ್ಲಿ ಬ್ರಿಟಿಷರ ನೌಕಾಪಡೆಯ ಭಾರತೀಯ ನಾವಿಕರು ಮುಂಬಯಿಯಲ್ಲಿ ಎದ್ದ ದಂಗೆ ಅದರ ವಸ್ತು. ರಂಗದ ಮೇಲೆ ಯುದ್ಧದ ಹಡಗೇ ನಿಂತಿತು. ಬೆಳಕು ತಾಪಸ ಸೇನರದು. ನಾಟಕದ ರಾಜಕೀಯ ಅಂದಿನ ಸರಕಾರಕ್ಕೆ ಹಿಡಿಸಲಿಲ್ಲ. ಅದೇ ವರ್ಷ ಉತ್ಪಲ ದತ್ತರು ಬಂಧನಕ್ಕೊಳಗಾದರು; ಪತ್ರಿಕೆಗಳಲ್ಲಿ ನಾಟಕದ ಜಾಹೀರಾತು ಕಾಣದಾಯಿತು. ಆದರೂ ಗೋಡೆಗೋಡೆಗಳ ಮೇಲೆ ಭಿತ್ತಿಪತ್ರಗಳು ಬಿದ್ದುವು, ಜನ ಬಂದರು, ನಾಟಕ ನಡೆಯಿತು. ಬೆಳಕಿನವನು ರಂಗದ ಹಿಂದೆ ಅಡಗಿರುವವನಾದರೂ ನಾಟಕದ ಅಪಾಯದಲ್ಲಿ ಅವನಿಗೂ ಪಾಲಿದೆಯೆಂಬುದು ಇಂಥ ಸಂದರ್ಭದಲ್ಲಿ ತಿಳಿಯುತ್ತದೆ.

ಮುಂದಿನ ವರ್ಷಗಳ ವಿವರಕ್ಕೆ ಇಲ್ಲಿ ಸ್ಥಳವಿಲ್ಲ. ನಾಟಕಗಳಲ್ಲದೆ ನೃತ್ಯ ಕಾರ್ಯಕ್ರಮಗಳಿಗೂ, ಚಾರಿತ್ರಿಕ ಸ್ಥಳಗಳಲ್ಲಿ ನಡೆಯುವ ಧ್ವನಿ-ಬೆಳಕಿನ ಪ್ರದರ್ಶನಗಳಿಗೂ ಅವರು ದುಡಿದರು. 1974ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಅವರಿಗೆ ಬಂದಿತು. ಹಾಡುಗಾರರಿಗೂ ನಟರಿಗೂ ಸಲ್ಲುವ ಗೌರವ ದೀಪದ ಹಿಂದೆ ನಿಂತವನಿಗೂ ಸಂದಿತೆಂಬುದು ಇದರ ವಿಶೇಷ. 1985ರಲ್ಲಿ ಪ್ಯಾರಿಸ್ಸಿನಲ್ಲಿ ಭಾರತ ಉತ್ಸವ ನಡೆದಾಗ ಐಫೆಲ್ ಗೋಪುರದ ಸನ್ನಿಧಿಯಲ್ಲಿ ಬೆಳಕು ಹೂಡುವ ಕೆಲಸ ಇವರ ಪಾಲಿಗೆ ಬಂದಿತು. ಡಬ್ಬಿ ತಗಡುಗಳಿಂದ ದೀಪ ಮಾಡಿಕೊಂಡ ಮನುಷ್ಯ, ವಿದ್ಯುತ್ತಿನ ವೈಭವಕ್ಕೆ ಜಗತ್ತಿನಲ್ಲೆಲ್ಲ ಹೆಸರಾದ ನಗರದಲ್ಲಿ ತನ್ನ ದೇಶದ ಪರವಾಗಿ ಬೆಳಕು ಬೀರಿದನು. 2006ನೆಯ ಜೂನ್ 28ರಂದು ಕಲ್ಕತ್ತೆಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ಎಂಬತ್ತೊಂದು ವರ್ಷ.

ಇಷ್ಟು ದುಡಿದವರ ಕೆಲಸದಲ್ಲಿ ಈಗ ಏನು ಉಳಿದಿದೆ? ಕವಿಯ ಪದ್ಯ ಪುಸ್ತಕದಲ್ಲಿ ಉಳಿಯುತ್ತದೆ. ನಮ್ಮ ಕಲಬುರ್ಗಿಯ ಎಸ್. ಎಂ. ಪಂಡಿತರು 1993ರಲ್ಲಿ ತೀರಿಕೊಂಡರೂ ಅವರು ಬಣ್ಣದಲ್ಲಿ ಹಿಡಿದಿಟ್ಟ ಬೆಳಕು ಚಿತ್ರಗಳಲ್ಲಿ ಹಾಗೆಯೇ ಇದೆ. ರಂಗದ ಬೆಳಕು ಮಾತ್ರ ಅದೇ ರಾತ್ರಿ ಹುಟ್ಟಿ ಅದೇ ರಾತ್ರಿ ಆರಿಹೋಗುತ್ತದೆ. ಅಂಗಾರಿನ ಆ ಪ್ರವಾಹವನ್ನು ಈಗ ಯಾವ ಫೋಟೋದಲ್ಲೂ ಕಾಣಲಾಗದು. ಏಕೆಂದರೆ ಅದರ ಜೀವವಿದ್ದದ್ದು ಏರುವುದರಲ್ಲಿ, ನಿಂತ ನೀರಿನಲ್ಲಲ್ಲ. ಅದನ್ನು ಕಂಡವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವೆ ಎಂಬ ಪ್ರಶ್ನೆ ನನ್ನನ್ನು ಕಾಡಿತು.

ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನಿಗೆ ಈ ಕಥೆಯನ್ನು ಹೇಳಿದೆ. ಕಲ್ಕತ್ತೆ, ಪ್ಯಾರಿಸ್ಸು, ಪ್ರಶಸ್ತಿ ಯಾವುದೂ ಅವನ ಮನಸ್ಸಿಗೆ ಹತ್ತಲಿಲ್ಲ. ನೀರಿಲ್ಲದೆ ನೀರು ಏರಿಸಿದ ಮಾತು ಬಂದಾಗ ಮಾತ್ರ ಕುಳಿತಲ್ಲಿಂದ ಮುಂದಕ್ಕೆ ಬಾಗಿದನು. ಅವನು ಕೇಳಿದ್ದು ಒಂದೇ: ನೀರು ಜೋರಾಗಿ ಏರಿತೋ, ಮೆಲ್ಲಗೆ ಏರಿತೋ. ಮೆಲ್ಲಗೆ ಎಂದೆ. ಅವನು ತಲೆದೂಗಿದನು. ಆಮೇಲೆ ತಾನಾಗಿಯೇ ಒಂದು ಸಂಗತಿ ಹೇಳಿದನು. ದ್ರೌಪದಿಯ ಸೀರೆ ಸೆಳೆಯುವ ಸಂದರ್ಭ ಬಂದಾಗ ಅವನು ಹಿಲಾಲನ್ನು ತುಸು ಹಿಂದಕ್ಕೆ ಸರಿಸಿ ಹಿಡಿಯುತ್ತಿದ್ದನಂತೆ. ಆ ಹೊತ್ತಿನಲ್ಲಿ ಅಷ್ಟೊಂದು ಬೆಳಕು ಬೇಡವೆಂದು ಅವನಿಗೆ ತೋರುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಗಮನಿಸಿಯೂ ಇರಲಿಲ್ಲ. ಅರವತ್ತು ವರ್ಷಗಳ ಮೇಲೆ ಮೊದಲ ಸಲ ಅದನ್ನು ಇನ್ನೊಬ್ಬರ ಮುಂದೆ ಹೇಳಿದನು. ಕತ್ತಲೆಯನ್ನು ಕಾಯ್ದುಕೊಳ್ಳುವ ಪಾಠವನ್ನು ನಾನು ಕಲ್ಕತ್ತೆಯಲ್ಲಿ ಹುಡುಕುತ್ತಿದ್ದಾಗ ಅದು ನಮ್ಮ ಮನೆಯ ಕಟ್ಟೆಯ ಮೇಲೆಯೇ ಕುಳಿತಿತ್ತು.

ಆಟ ಕಂಡ ಹೆಂಗಸರು ಆ ರಾತ್ರಿ ಕಣ್ಣೊರೆಸಿಕೊಂಡು ಮನೆಗೆ ಹೋಗಿರಬೇಕು. ಅದು ದ್ರೌಪದಿಯ ಪಾತ್ರಧಾರಿಯ ಹೆಚ್ಚುಗಾರಿಕೆಯೆಂದೇ ಅವರು ಬಗೆದಿರಬೇಕು. ಅದರಲ್ಲಿ ಹಿಂದೆ ಸರಿದ ಹಿಲಾಲಿನ ಪಾಲೂ ಇತ್ತು. ಬೆಳಕಿನ ಕೆಲಸ ಉಳಿಯುವುದು ಹೀಗೆಯೇ ಇರಬೇಕು. ಕೆಲಸ ಮಾಡಿದವನ ಹೆಸರಾಗಿ ಅಲ್ಲ, ನೋಡಿದವನ ಎದೆಯಲ್ಲಿ ಒಂದು ಕಲಕಾಗಿ. ತಾಪಸ ಸೇನರು ಮಾಡಿದ ದೊಡ್ಡ ಕೆಲಸವೆಂದರೆ ಆ ಹೆಸರಿಲ್ಲದ ದುಡಿಮೆಗೆ ಹೆಸರನ್ನು ಗಳಿಸಿಕೊಟ್ಟದ್ದು.

ಈ ವರ್ಷದ ಸ್ನೇಹ ಸಮ್ಮೇಳನದ ನಾಟಕಕ್ಕೂ ದೀಪದ ಹೊಣೆಯನ್ನು ನಾನೇ ಕೇಳಿಕೊಂಡಿದ್ದೇನೆ. ಮಿತ್ರರು ಗಾಬರಿಯಾಗಬೇಕಾಗಿಲ್ಲ. ಈ ಸಲ ಮೂರೇ ದೀಪ: ಎಡಕ್ಕೊಂದು, ಬಲಕ್ಕೊಂದು, ಬೆನ್ನಿಗೊಂದು. ಫ್ಯೂಸ್ ಹೋಗುವ ಭಯವಿಲ್ಲ. ಆದರೆ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ಬಿನ್ನಹವಿದೆ. ಆಮಂತ್ರಣ ಪತ್ರಿಕೆಯಲ್ಲಿ ಪಾತ್ರವರ್ಗ, ಸಂಗೀತ, ಪ್ರಸಾಧನ ಎಂದು ಅಚ್ಚು ಹಾಕಿಸುವಾಗ ಬೆಳಕು ಎಂದೂ ಒಂದು ಸಾಲು ಇರಲಿ. ಆ ಸಾಲಿನಲ್ಲಿ ನನ್ನ ಹೆಸರು ಇಲ್ಲದಿದ್ದರೂ ಚಿಂತೆಯಿಲ್ಲ. ನನ್ನೊಡನೆ ಏಣಿ ಹತ್ತಿ ತಂತಿ ಎಳೆಯುವ ಹುಡುಗರ ಹೆಸರುಗಳಿದ್ದರೆ ಸಾಕು. ಅಂದು ಅಜ್ಜನನ್ನೂ ಕರೆತರುತ್ತೇನೆ. ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದಿದ್ದೆ, ಅವನು ಒಪ್ಪಲಿಲ್ಲ. ಬೆಳಕು ಹೇಗೆ ಬಿದ್ದಿದೆಯೆಂಬುದು ಹಿಂದೆ ನಿಂತರೆ ಚೆನ್ನಾಗಿ ತಿಳಿಯುತ್ತದೆಂದು ಅವನ ಮತ.